ಬಿರುಗಾಳಿಯ ಎಡಗಾಲು

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿದ್ದಾಗ ಆ ಕಾಮೆಂಟು ಬಂತು. ಹೋರಿಯ ಫೋಟೊ ಆಗಷ್ಟೇ ಫೇಸ್‌ಬುಕ್ಕಿಗೆ ಹಾಕಿ ಹಿತ್ತಲಿಗೆ ಹೊರಟಿದ್ದ ವಾಣಿಶ್ರೀ, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಓದಿದಳು.

"ಹಿಂದಿನ ಎಡಗಾಲು ಹೆಂಗೈತಿ?"

ಬರೆದವರ ಹೆಸರು ಗೌರಿ ಗೌರಿ. ಮುಖದ ಜಾಗದಲ್ಲಿ ಒಂದು ಕೆಂಪು ದಾಸವಾಳ. ವಾಣಿಶ್ರೀ ಹಲ್ಲುಜ್ಜುವುದನ್ನು ಮರೆತು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಎಡಗಾಲಿನ ವಿಷಯ ಗೊತ್ತಿದ್ದದ್ದು ಇಡೀ ಗುಡ್ನಾಪುರದಲ್ಲಿ ಐದೇ ಜನಕ್ಕೆ. ಆ ಐದರಲ್ಲಿ ಗೌರಿ ಎಂಬವಳು ಯಾರೂ ಇರಲಿಲ್ಲ.

ಹೋರಿಯ ಹೆಸರು ಬಿರುಗಾಳಿ. ದೀಪಾವಳಿ ಮುಗಿಯುತ್ತಿದ್ದಂತೆ ಆ ಸೀಮೆಯಲ್ಲಿ ಹೋರಿ ಹಬ್ಬ ಶುರುವಾಗುತ್ತದೆ. ಮೈತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಅಖಾಡಕ್ಕೆ ಬಿಡುತ್ತಾರೆ, ಎರಡೂ ಕಡೆ ನಿಂತ ಗಂಡಸರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ, ಯಾರ ಕೈಗೂ ಸಿಗದೆ ದಾಟಿದ್ದು ಗೆದ್ದಂತೆ. ಬಸಪ್ಪನ ಮನೆಯ ಬಿರುಗಾಳಿ ಎರಡು ವರ್ಷದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. ಅದಕ್ಕೊಂದು ಫೇಸ್‌ಬುಕ್ ಪೇಜು, ಪೇಜಿಗೆ ಒಂಬತ್ತು ಸಾವಿರದ ನಾನೂರು ಫಾಲೋವರ್ಸ್. ಪೇಜು ತೆರೆದವನು ಬಸಪ್ಪನ ಮಗ ಗಿರೀಶ. ಹದಿನೈದು ದಿನಕ್ಕೆ ಅವನಿಗೆ ಬೇಸರ ಬಂದು, "ನೀ ನೋಡ್ಕೊ" ಎಂದು ತಂಗಿಯ ಕೈಗೆ ಕೊಟ್ಟಿದ್ದ. ಅಂದಿನಿಂದ ಅದನ್ನು ನಡೆಸುತ್ತಿದ್ದವಳು ವಾಣಿಶ್ರೀ, ಅದೂ ಹೋರಿಯೇ ಮಾತಾಡಿದ ಹಾಗೆ. "ಇವತ್ತು ಕೆರಿಯೊಳಗ ಮೂರು ಸುತ್ತು ಈಜೀನಿ. ಈಗ ಹುರಳಿ ತಿನ್ನಾಕತ್ತೀನಿ. ಯಾರೂ ಮಾತಾಡಸಬ್ಯಾಡ್ರಿ" ಅಂತ ಹಾಕಿದರೆ ಐನೂರು ಜನ ನಗುತ್ತಿದ್ದರು. ಕೆಳಗೆಲ್ಲ "ಅಡ್ಮಿನ್ ಅಣ್ಣ ಸೂಪರ್", "ಅಡ್ಮಿನ್ ಅಣ್ಣನ ಕೈಗೆ ಬಂಗಾರದ ಕಡಗ ಹಾಕಬೇಕು." ಮನೆಗೆ ಯಾರಾದರೂ ಬಂದರೆ ನೀರಿನ ತಂಬಿಗೆ ಇಟ್ಟು ಒಳಗೆ ಓಡುವ ಹುಡುಗಿಯೇ ಆ ಅಣ್ಣ ಎಂದು ಯಾರಿಗೆ ತಿಳಿಯಬೇಕು? ಬನವಾಸಿ ಬಸ್‌ಸ್ಟ್ಯಾಂಡಿನಲ್ಲಿ ಅಡ್ಮಿನ್ ಅಣ್ಣನ ಲೆಕ್ಕದಲ್ಲಿ ಚಹಾ ಕುಡಿಯುತ್ತಿದ್ದವನು ಗಿರೀಶ.

ಹತ್ತು ದಿನದ ಹಿಂದೆ ಈಜು ಮುಗಿಸಿ ಕೆರೆಯ ಏರಿ ಹತ್ತುವಾಗ ಬಿರುಗಾಳಿ ಕಲ್ಲಿನ ಮೇಲೆ ಜಾರಿತ್ತು. ಎರಡು ದಿನ ಕುಂಟಿತು, ಆಮೇಲೆ ನಡೆಯಿತು. ದನದ ಡಾಕ್ಟರನ್ನು ಕರೆಯಲು ಬಸಪ್ಪ ಬಿಡಲಿಲ್ಲ. "ಡಾಕ್ಟರ ಗಾಡಿ ಮನಿ ಮುಂದ ನಿಂತ್ರ ಸಂತಿಗೆಲ್ಲ ಸುದ್ದಿ. ಬಿರುಗಾಳಿ ಕುಂಟ ಆತು ಅಂತ ಸಿಡಿಲಿನ ಮಂದಿ ಪಟಾಕಿ ಹಚ್ಚತಾರ" ಎಂದ. ಸಿಡಿಲು ಎಂದರೆ ಎದುರಾಳಿ ಹೋರಿ. ಅದಕ್ಕೂ ಒಂದು ಪೇಜಿತ್ತು, ಫಾಲೋವರ್ಸ್ ಇನ್ನೂರು ಜಾಸ್ತಿ. ಹಾಗಾಗಿ ತಾಯಿ ಮುರಿಗೆವ್ವ ಅರಿಸಿನ ಸುಣ್ಣ ಬಿಸಿ ಮಾಡಿ ಹಚ್ಚಿದಳು, ವಾಣಿಶ್ರೀ ಬಲಗಡೆಯ ಫೋಟೊಗಳನ್ನಷ್ಟೇ ಹಾಕಿದಳು.

ಆ ಕಾಮೆಂಟನ್ನು ಅವಳು ಅಳಿಸಲಿಲ್ಲ, ಮರೆಮಾಡಿದಳು. ಅಳಿಸಿದರೆ ಬರೆದವರಿಗೆ ಗೊತ್ತಾಗುತ್ತದೆ. ಮರೆಮಾಡಿದರೆ ಬರೆದವರ ಕಣ್ಣಿಗೆ ಅದು ಅಲ್ಲೇ ಇರುತ್ತದೆ, ಊರಿನವರ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಕೂತು ಐದು ಜನರನ್ನು ಒಬ್ಬೊಬ್ಬರಾಗಿ ತೂಗಿದಳು. ಅಪ್ಪ ಹೇಳುವವನಲ್ಲ. ಅವ್ವನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅಣ್ಣ ಬಾಯಿಬಡುಕ ಹೌದು, ಆದರೆ ಅಪ್ಪನ ಭಯವಿದೆ. ತಾನಂತೂ ಅಲ್ಲ. ಉಳಿದವನು ಚನ್ನಬಸವ.

ಚನ್ನಬಸವ ಗಿರೀಶನ ಗೆಳೆಯ, ಎರಡು ಮನೆ ಆಚೆಯವನು. ಕೆರೆಗೆ ಹೋರಿಯ ಜೊತೆ ಇಳಿಯುತ್ತಿದ್ದವನು ಅವನೇ, ಜಾರಿದ ದಿನ ಹಗ್ಗ ಹಿಡಿದಿದ್ದವನೂ ಅವನೇ. ವಾಣಿಶ್ರೀ ಅವನ ಪ್ರೊಫೈಲಿಗೆ ಹೋಗಿ ಹಿಂದಕ್ಕೆ ಹಿಂದಕ್ಕೆ ಜಾರಿಸಿ ನೋಡಿದಳು. ಹೋದ ವರ್ಷದ ಒಂದು ಸೆಲ್ಫಿಯಲ್ಲಿ ಸಿಡಿಲು ಟೀ ಶರ್ಟಿನವನ ಹೆಗಲ ಮೇಲೆ ಇವನ ಕೈ. ಸಿಡಿಲಿನ ಪೇಜಿನಲ್ಲಿ ಹೋರಿ ಮೈತೊಳೆಸಿಕೊಂಡ ಫೋಟೊಗೂ ಇವನ ಲೈಕು! ಪ್ರತಿ ಲೈಕೂ ಅವಳಿಗೆ ಒಂದೊಂದು ಸಾಕ್ಷಿಯಂತೆ ಕಂಡಿತು. ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅಣ್ಣನಿಗೆ ಹೇಳಿಯೂಬಿಟ್ಟಳು. "ನನಗ ಚನ್ನಬಸಣ್ಣನ ಮ್ಯಾಲೆ ಡೌಟ್ ಐತಿ."

ಸಂಜೆ ಚನ್ನಬಸವ ಎಂದಿನಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದಾಗ ಬಸಪ್ಪ ಕಟ್ಟೆ ಬಿಟ್ಟು ಏಳಲಿಲ್ಲ.

"ನಾಳಿಂದ ಕೆರಿಗೆ ನಾವ ಹೊಡಕೊಂಡು ಹೋಗ್ತೀವಿ. ನೀ ಬರಬ್ಯಾಡ."

"ಯಾಕ್ರಿ ಕಾಕಾ?"

"ಯಾಕಂತ ನಿನ್ನ ಫೋನ್ ಕೇಳು."

ಚನ್ನಬಸವ ಗಿರೀಶನ ಮುಖ ನೋಡಿದ. ಗಿರೀಶ ಚಪ್ಪಲಿ ನೋಡಿಕೊಂಡ. "ಮೂರು ವರ್ಷ ಇದರ ಸಗಣಿ ಬಳದೀನಿ. ಮನ್ಯಾಗ ಅವ್ವ ಕರದ್ರೂ ಹೋಗಿಲ್ಲ, ಇದು ಕೂಗಿದ್ರ ಓಡಿ ಬಂದೀನಿ. ಇರ್ಲಿ ಬಿಡ್ರಿ" ಎಂದು ಚನ್ನಬಸವ ಟವೆಲ್ಲು ಕೊಡವಿ ಹೋದ. ಬಾಗಿಲ ಸಂದಿಯಿಂದ ಕೇಳುತ್ತಿದ್ದ ವಾಣಿಶ್ರೀಗೆ ಅವನ ಮಾತು ನಾಟಕವೆನ್ನಿಸಿತು. ನಾಟಕವಲ್ಲದಿದ್ದರೆ ಎಂಬ ಅಳುಕೂ ಜೊತೆಗೇ ಹುಟ್ಟಿತು, ಅದನ್ನು ಅವಳು ಬೆಳೆಯಗೊಡಲಿಲ್ಲ.

ಮೂರನೆಯ ದಿನ ಮತ್ತೆ ಗೌರಿ ಗೌರಿ. "ಯಾಕ ಬರೇ ಬಲಗಡಿ ಫೋಟೊ? ಮುಂಜಾನಿ ತಣ್ಣೀರಾಗ ಇಳಸಬ್ಯಾಡ್ರಿ."

ಅಂದು ಮುಂಜಾನೆ ಕೆರೆಗೆ ಇಳಿಸಿದ್ದರು. ಚನ್ನಬಸವ ಆ ಸಂಜೆಯಿಂದ ಇತ್ತ ತಲೆ ಹಾಕಿರಲಿಲ್ಲ. ವಾಣಿಶ್ರೀ ಎದ್ದುಹೋಗಿ ಕೊಟ್ಟಿಗೆಯ ಹಿಂದಿನ ಕಿಟಕಿಗೆ ಗೋಣಿಚೀಲ ಕಟ್ಟಿದಳು. ಹಾಲು ಕೇಳಲು ಬಂದ ಪಕ್ಕದ ಮನೆಯವಳ ಕೈಯಲ್ಲಿ ಫೋನಿದೆಯೇ ಎಂದು ನೋಡಿದಳು. ಎಂಟನೇ ಸುತ್ತು ಕಿಟಕಿ ನೋಡಿ ಬಂದಾಗ ಮುರಿಗೆವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ, "ಏನು ಕಳಕೊಂಡೀಯೇ? ಬೆಕ್ಕಿನಂಗ ಅಡ್ಡಾಡಾಕತ್ತಿ" ಎಂದು ಗದರಿದಳು.

ಗೌರಿಯ ಪ್ರೊಫೈಲಿಗೆ ಬೀಗ ಹಾಕಿತ್ತು. ಗೆಳೆಯರು ಮೂರೇ ಜನ, ಹೆಸರು ಕಾಣುವುದಿಲ್ಲ. ಫೇಸ್‌ಬುಕ್ಕು ಕೇಳುವ ಅಡ್ಡಹೆಸರಿನ ಜಾಗ ತುಂಬಿಸಲು ಇದ್ದದ್ದನ್ನೇ ಎರಡು ಸಲ ಬರೆದ ಹಾಗಿತ್ತು. ಮುಖವಿಲ್ಲ, ಊರಿಲ್ಲ, ಯಾರು ಇಂಥವರು, ಎಂದುಕೊಳ್ಳುತ್ತಲೇ ವಾಣಿಶ್ರೀಗೆ ತನ್ನ ಸ್ವಂತ ಖಾತೆ ನೆನಪಾಯಿತು. ವಾಣಿ ಬಿ. ಮುಖದ ಜಾಗದಲ್ಲಿ ಕೆರೆ. ಗೆಳೆಯರು ನಾಲ್ಕು.

ಆಗ ಅವಳು ಇನ್ನೊಂದು ದಾರಿ ಹಿಡಿದಳು. ತಮ್ಮದೇ ಪೇಜಿನ ತಳದವರೆಗೆ ಇಳಿದಳು. ಅಲ್ಲಿತ್ತು ಮೊದಲ ಪೋಸ್ಟು: ಗೂಡ್ಸ್ ಗಾಡಿಯಿಂದ ಇಳಿಯುತ್ತಿರುವ, ಹಣೆಯ ಮೇಲೆ ಬಿಳಿ ಚುಕ್ಕೆಯ ಎಳೆಹೋರಿ. "ಎಕ್ಕಂಬಿಯಿಂದ ಬಂದೆ" ಎಂದು ಗಿರೀಶ ಬರೆದಿದ್ದ. ಲೈಕು ಒಟ್ಟು ಆರು. ಅದರಲ್ಲಿ ಐದು, ಮನೆಯವರ ಮತ್ತು ಓಣಿಯವರ ಹೆಸರು. ಆರನೆಯದು ಗೌರಿ ಗೌರಿ. ಅದರ ಮೇಲಿನದಕ್ಕೂ ಗೌರಿ. ಅದರ ಮೇಲಿನದಕ್ಕೂ. ಮೂರು ವರ್ಷದಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಇದು ಮೊನ್ನೆ ಮೊನ್ನೆ ಕಣ್ಣಿಟ್ಟವರ ಕೆಲಸವಲ್ಲ.

ಪೇಜಿನ ಹೆಸರಿನಲ್ಲೇ ಮೆಸೇಜು ಕಳಿಸಿದಳು. "ನೀವು ಯಾರು? ಖರೇ ಹೆಸರು ಹೇಳ್ರಿ. ಇಲ್ಲಾಂದ್ರ ಬ್ಲಾಕ್ ಮಾಡ್ತೀನಿ."

ಅರ್ಧ ತಾಸಿಗೆ ಉತ್ತರ ಬಂತು. ಅಕ್ಷರವಲ್ಲ, ಧ್ವನಿ. ವಾಣಿಶ್ರೀ ಕೊಟ್ಟಿಗೆಯ ಹೊರಗೆ ಕೂತು ಕಿವಿಗೆ ಹಿಡಿದಳು.

"ಶಿಲ್ಪಾ, ಇದು ಹಿಡದೈತೇನವಾ? ಒತ್ತೇ ಇರಬೇಕಾ?... ತಮ್ಮಾ, ನಾನು ಎಕ್ಕಂಬಿ ನೀಲಗಂಗವ್ವ. ಖರೇ ಹೆಸರು ಕೇಳಿದ್ಯಲ್ಲ, ಇದ ನೋಡು. ಗೌರಿ ನಮ್ಮ ಆಕಳ ಹೆಸರು. ನಿಮ್ಮ ಹೋರಿ ಆಕಿ ಮಗ. ಹಣಿ ಮ್ಯಾಲಿನ ಚುಕ್ಕಿ ನೋಡಿ ನಾವು ಚಿಕ್ಕಿ ಅಂತಿದ್ವಿ, ನೀವು ಬಿರುಗಾಳಿನರ ಅನ್ರಿ, ಸುಂಟರಗಾಳಿನರ ಅನ್ರಿ. ಮೂರು ತಿಂಗಳ ಕರು ಇದ್ದಾಗ ಗಟಾರದಾಗ ಬಿದ್ದು ಹಿಂದಿನ ಎಡಗಾಲು ಮುರಕೊಂಡಿತ್ತು. ಬಿದಿರ ದಬ್ಬಿ ಕಟ್ಟಿ ಎರಡು ತಿಂಗಳು ಎತ್ತೆತ್ತಿ ನಿಲ್ಲಿಸೀನಿ. ಅದು ಸೊಂಟ ಇಳಿಸಿ ಬಾಲ ಬಲಕ್ಕ ಹಾಕಿ ನಿಂತದಂದ್ರ ಕಾಲು ನೋಯ್ತದ. ಮೊಮ್ಮಗಳು ದಿನಾ ಫೋಟೊ ತೋರಸ್ತಾಳ, ನಿಂತ ರೀತಿ, ಕೆರಿ ನೀರಿನ ಒದ್ದಿ ಮೈ ನನಗ ಕಾಣೂದಿಲ್ಲೇನು? ಕೊಡೂವಾಗ ನಿಮ್ಮಪ್ಪಗ ಹೇಳಿದ್ದೆ, ಹೊಲದಾಗ ಗಳೆ ಹೂಡ್ರಿ, ಓಡಸಬ್ಯಾಡ್ರಿ, ಆ ಕಾಲು ಇನ್ನೊಮ್ಮಿ ಮುರದ್ರ ಮತ್ತ ಕೂಡೂದಿಲ್ಲ ಅಂತ. ಹೂಂ ಅಂದಿದ್ದ. ಬ್ಲಾಕ್ ಮಾಡ್ತೀಯೇನು, ಮಾಡು... ಚಿಕ್ಕೀ, ಬಾ ಬಾ ಬಾ, ಚಿಕ್ಕೀ..."

ವಾಣಿಶ್ರೀ ನಂಬಲಿಲ್ಲ. ಯಾರೋ ಮುದುಕಿಯ ಕೈಲಿ ಹೇಳಿಸಿರಬಹುದು. ಇಷ್ಟು ದಿನ ಎಲ್ಲರನ್ನೂ ಅನುಮಾನಿಸಿದವಳಿಗೆ ನಂಬುವುದು ಒಮ್ಮೆಲೇ ಹೇಗೆ ಬಂದೀತು? ಎದ್ದು ಒಳಗೆ ಹೋದಳು. ಬಿರುಗಾಳಿ ಹತ್ತಿಕಾಳು ಮೆಲ್ಲುತ್ತ ಗೋಡೆ ನೋಡುತ್ತಿತ್ತು. ಫೋನಿನ ಸದ್ದು ಪೂರ್ತಿ ಏರಿಸಿ ಕೊನೆಯ ತುಣುಕನ್ನು ಮತ್ತೆ ಹಾಕಿದಳು. "ಚಿಕ್ಕೀ, ಬಾ ಬಾ ಬಾ..."

ಮೆಲ್ಲುವುದು ನಿಂತಿತು. ಎರಡೂ ಕಿವಿ ಇತ್ತ ತಿರುಗಿದವು. ಸಾವಿರ ಜನ ಬಿರುಗಾಳಿ ಎಂದು ಕೂಗಿದರೂ ತಿರುಗದ ಹೋರಿ, ಕುತ್ತಿಗೆ ಚಾಚಿ ಫೋನನ್ನು ಮೂಸಿತು. ಆಮೇಲೆ ಒರಟು ನಾಲಿಗೆಯಿಂದ ನೆಕ್ಕಿಬಿಟ್ಟಿತು. ಸೆರಗಿಗೆ ಒರೆಸಿಕೊಂಡು ನೋಡಿದರೆ ಗೌರಿ ಗೌರಿಗೆ ದೊಡ್ಡದೊಂದು ನೀಲಿ ಹೆಬ್ಬೆಟ್ಟು ಹೋಗಿ ಕೂತಿತ್ತು.

ಹಾಗಾದರೆ ಅಪ್ಪನಿಗೆ ಮೊದಲಿಂದಲೂ ಗೊತ್ತಿತ್ತೇ?

ಸಂಜೆ ಗಿರೀಶ ಬ್ಯಾನರಿನ ಚಿತ್ರ ತಂದ. 'ಈ ಸಲವೂ ಅಖಾಡಕ್ಕೆ ಬಿರುಗಾಳಿ' ಎಂದು ಬೆಂಕಿಯ ಅಕ್ಷರ. ನಾಳೆ ಒಂಬತ್ತಕ್ಕೆ ಪೇಜಿಗೆ ಹಾಕಬೇಕು, ಅಲ್ಲಿಂದ ಹಿಂದೆ ಸರಿಯುವ ಮಾತಿಲ್ಲ. ಬಸಪ್ಪ ಅದನ್ನು ದೂರ ಹಿಡಿದು ನೋಡಿ ಖುಷಿಪಡುತ್ತಿದ್ದಾಗ ವಾಣಿಶ್ರೀ ಚಹಾ ಇಟ್ಟು, ನೆಲ ನೋಡುತ್ತ ಕೇಳಿದಳು. "ಅಪ್ಪಾ, ಎಕ್ಕಂಬಿಯೊಳಗ ಇದನ್ನ ತಗೊಳ್ಳೂವಾಗ ಕಾಲಿಗೇನರ ಆಗಿತ್ತೇನು?"

ಬಸಪ್ಪನ ಕೈಯಲ್ಲಿದ್ದ ಬ್ಯಾನರು ಕೆಳಗಿಳಿಯಿತು. "ಯಾರು ಹೇಳಿದ್ರು ನಿನಗ?"

ಇಲ್ಲ ಎನ್ನಲಿಲ್ಲ. ಯಾರು ಹೇಳಿದರು ಎಂದ. ವಾಣಿಶ್ರೀಗೆ ಅಷ್ಟೇ ಸಾಕಾಯಿತು. "ಯಾರೂ ಇಲ್ಲ" ಎಂದು ಒಳಗೆ ಹೋದಳು.

ಮರುದಿನ ಒಂಬತ್ತಕ್ಕೆ ಪೇಜಿನಲ್ಲಿ ಬ್ಯಾನರು ಬರಲಿಲ್ಲ. ಬಂದದ್ದು ಎಡಗಡೆಯ ಫೋಟೊ: ಅರಿಸಿನ ಸುಣ್ಣ ಮೆತ್ತಿದ, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿದ ಕಾಲು. ಮೇಲೆ ಹೋರಿಯ ಮಾತು. "ನನ್ನ ಎಡಗಾಲು ನೋಯ್ತದ. ಸಣ್ಣಾವಿದ್ದಾಗ ಮುರದಿತ್ತು. ಈ ವರ್ಷ ನಾ ಓಡೂದಿಲ್ಲ. ಚನ್ನಬಸಣ್ಣ ಯಾರಿಗೂ ಹೇಳಿರಲಿಲ್ಲ, ಅವನ ಮ್ಯಾಲೆ ಅನುಮಾನ ಪಟ್ಟಿದ್ದು ತಪ್ಪು."

ಹತ್ತು ನಿಮಿಷದಲ್ಲಿ ಇನ್ನೂರು ಕಾಮೆಂಟು. ನಂಬಿದವರು ಕಡಿಮೆ. "ಪೇಜ್ ಹ್ಯಾಕ್ ಆಗೈತಿ, ಯಾರೂ ನಂಬಬ್ಯಾಡ್ರಿ." "ಸಿಡಿಲಿನ ಮಂದಿ ಕೆಲಸ." "ಸಿಡಿಲಿಗೆ ಹೆದರಿ ಕುಂಟಾಕತ್ತೈತಿ." "ಅಡ್ಮಿನ್ ಅಣ್ಣಾ ಎಲ್ಲಿದ್ದೀಯೋ, ಲೈವ್ ಬಾ."

ಗಿರೀಶನ ಫೋನು ಬಾಯಿ ಮುಚ್ಚಲಿಲ್ಲ. ಬಸಪ್ಪ ಅಂಗಳದಲ್ಲಿ ನಿಂತು ಗುಡುಗಿದ. "ಯಾವನೋ ಹಾಕಿದಾಂವ?"

ಗಿರೀಶ ತಂಗಿಯನ್ನು ಓರೆಗಣ್ಣಿಂದ ನೋಡಿದ. "ಹ್ಯಾಕ್ ಆಗಿರಬೇಕಪ್ಪಾ. ಅಳಿಸಿಬಿಡ್ತೀನಿ."

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಒಳಗೆ ಸರಿದು ನಿಲ್ಲುವುದು ಅವಳಿಗೆ ಗೊತ್ತಿದ್ದ ಕೆಲಸವೇ. ವಾಣಿಶ್ರೀ ಬಾಗಿಲು ದಾಟಿ ಅಂಗಳಕ್ಕೆ ಬಂದಳು.

"ಹ್ಯಾಕ್ ಆಗಿಲ್ಲ. ನಾನ ಹಾಕೀನಿ. ಮೂರು ವರ್ಷದಿಂದ ಎಲ್ಲಾ ನಾನ ಹಾಕೀನಿ."

ಬಸಪ್ಪ ಮಗನನ್ನು ನೋಡಿದ, ಮಗಳನ್ನು ನೋಡಿದ. ಮನೆಯಲ್ಲಿ ಇನ್ನೂ ಯಾರ್ಯಾರು ಏನೇನು ಮುಚ್ಚಿಟ್ಟಿದ್ದಾರೋ ಎಂಬಂತೆ ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಡತಿಯನ್ನೂ ನೋಡಿದ. "ನನ್ನ ಯಾಕ ನೋಡ್ತೀರಿ? ನನ್ನ ಫೋನಿನ್ಯಾಗ ಬರೇ ಟಾರ್ಚ್ ಐತಿ" ಎಂದಳು ಮುರಿಗೆವ್ವ.

ವಾಣಿಶ್ರೀ ಮಾತು ಬೆಳೆಸದೆ ಆ ಧ್ವನಿಯನ್ನು ಹಾಕಿದಳು. ಕೊಟ್ಟಿಗೆಯೊಳಗೆ ಹಗ್ಗ ಜಗ್ಗಿದ ಸದ್ದಾಯಿತು. ಬಸಪ್ಪ ಪೂರ್ತಿ ಕೇಳಿದ. ಹೂಂ ಅಂದಿದ್ದ ಎಂಬ ಮಾತು ಬಂದಾಗ ಮೀಸೆ ಉಜ್ಜಿಕೊಂಡ.

"ಆ ಮುದುಕಿ ಇನ್ನೂ ನೆನಪಿಟ್ಟಾಳೇನು?" ಎಂದ. ಆಮೇಲೆ ಮಗನ ಕಡೆ ತಿರುಗದೆ, "ಡಾಕ್ಟರಿಗೆ ಫೋನ್ ಮಾಡು. ಇನ್ನ ಮುಚ್ಚೂದು ಏನೈತಿ, ಊರೆಲ್ಲಾ ಓದೈತಿ" ಎಂದು ಹೇಳಿ ಕೊಟ್ಟಿಗೆಗೆ ಹೋದ.

ಮಧ್ಯಾಹ್ನ ವಾಣಿಶ್ರೀ ಪೇಜಿನಿಂದ ಚನ್ನಬಸವನಿಗೆ ಬರೆದಳು. "ಅಣ್ಣಾ, ನಿನ್ನ ಹೆಸರು ಹೇಳಿದಾಕಿ ನಾನ. ತಪ್ಪಾತು. ವಾಣಿಶ್ರೀ." ಅವನು ನೋಡಿದ ಗುರುತು ಬಂತು. ಮೂರು ಚುಕ್ಕೆ ಕುಣಿದವು, ನಿಂತವು, ಮತ್ತೆ ಕುಣಿದವು.

"ಅಡ್ಮಿನ್ ಅಣ್ಣ ನೀನ ಏನು?"

"ಹೂಂ."

"ಸುಳ್ಳು. ಗಿರೀಶ ಕೂತು ಆಟ ಆಡಾಕತ್ತಾನ. ನಾ ನಂಬೂದಿಲ್ಲ. ಖರೇ ಆದ್ರ ಈಗಿಂದೀಗ ಅದರ ಜೋಡಿ ನಿಂತು ಫೋಟೊ ಹಾಕು. ಮುಖ ಕಾಣಬೇಕು."

ಮೂರು ವರ್ಷದಲ್ಲಿ ಆ ಪೇಜಿನಲ್ಲಿ ಹೋರಿಯದ್ದು ಬಿಟ್ಟು ಇನ್ನೊಂದು ಮುಖ ಬಂದಿರಲಿಲ್ಲ. ವಾಣಿಶ್ರೀ ಎದ್ದು, ಕೂದಲು ಕೈಯಲ್ಲೇ ಒಪ್ಪ ಮಾಡಿಕೊಂಡು, ಕೊಟ್ಟಿಗೆಗೆ ಹೋಗಿ ಬಿರುಗಾಳಿಯ ಎಡಗಡೆಗೆ ನಿಂತಳು.