ಕೇಳದೆ ಮುಟ್ಟಿದ ಹಲಗೆ

ಟಿಕ್. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್. ಆಮೇಲೆ ಬೇಗಬೇಗನೆ ಎರಡು.

ಸಭಾಭವನದ ಕತ್ತಲಲ್ಲಿ ಮಡಚುಮಂಚದ ಮೇಲೆ ಮಲಗಿದ್ದ ಮ್ಯಾವಿಸ್ ಕಣ್ಣು ಬಿಟ್ಟಳು. ಇಲಿಯಲ್ಲ, ಗಡಿಯಾರವೂ ಅಲ್ಲ. ಮಾದರಿ ರೈಲಿನ ಪುಟ್ಟ ಚಕ್ರಗಳು ಹಳಿಯ ಕೂಡಿಕೆಗಳನ್ನು ದಾಟುವ ಸದ್ದು. ಹಳಿಯ ಕರೆಂಟು ಆರಿಸಿಯಾಗಿತ್ತು. ಯಾರೂ ಓಡಿಸದ ಡಬ್ಬಿ ತಾನಾಗಿ ಓಡುತ್ತಿದೆ ಎಂದರೆ ಅದರ ಕೆಳಗಿನ ಹಲಗೆ ವಾಲಿದೆ ಎಂದೇ ಅರ್ಥ.

ಟಾರ್ಚು ಹಿಡಿದು ಹೋದಳು. ಹೊರಗೆ ಲಾರಿ ಹೋಗಿ ನೆಲ ಅದುರಿತ್ತೋ ಏನೋ, ಬೆರಳುದ್ದದ ಕಲ್ಲಿದ್ದಲ ಡಬ್ಬಿಯೊಂದು ಅವಳು ಮಾಡಿದ್ದ ಪುಟ್ಟ ನಿಲ್ದಾಣದ ತುದಿಗೆ ಬಂದು ಮುಟ್ಟಿಕೊಂಡು ನಿಂತಿತ್ತು. ಹಿಂದಕ್ಕೆ ತಳ್ಳಿದಳು. ಅದು ಒಂದು ಕ್ಷಣ ಯೋಚಿಸಿದಂತೆ ನಿಂತು, ಮತ್ತೆ ಇಳಿದು ಬಂತು.

ಸಂಜೆಯಷ್ಟೇ ಅವಳು ಹಳಿ ಕೂರಿಸಿದ ತನ್ನ ಎರಡೂ ಹಲಗೆಗಳನ್ನು ಮಟ್ಟ ಮಾಡಿ ಬಿಟ್ಟಿದ್ದಳು. ರಸಮಟ್ಟವನ್ನು ಒಮ್ಮೆ ಹೀಗೆ, ಒಮ್ಮೆ ತಿರುಗಿಸಿ ಹಾಗೆ ಇಟ್ಟು, ಎರಡು ಸಲವೂ ಗುಳ್ಳೆ ನಟ್ಟನಡುವೆ ನಿಂತ ಮೇಲೇ ಕೈ ತೊಳೆದುಕೊಂಡಿದ್ದಳು. ಮುಂಬದಿಗೆ ಇಳಿಬಿಟ್ಟ ಕರಿಬಟ್ಟೆ ಎತ್ತಿ ಕಾಲುಗಳನ್ನು ನೋಡಿದಳು. ತುದಿಯ ಎರಡು ಕಾಲುಗಳ ಎತ್ತರ ಹೊಂದಿಸುವ ಬೋಲ್ಟನ್ನು ಯಾರೋ ಪೂರ್ತಿ ಒಳಕ್ಕೆ ತಿರುಗಿಸಿದ್ದರು. ಅಲುಗಾಡದಿರಲೆಂದು ಒಂದರ ಕೆಳಗೆ ಬಿಯರ್ ಗ್ಲಾಸಿನಡಿ ಇಡುವ ರಟ್ಟನ್ನು ಮಡಚಿ ತುರುಕಿದ್ದರು. ಬೆಲ್ಪರ್ ಮಾದರಿ ರೈಲು ಸಂಘದಲ್ಲಿ ರಟ್ಟು ತುರುಕುವವರು ಒಬ್ಬರೇ.

ಅವಳ ಮೈಯೆಲ್ಲ ಉರಿಯಿತು.

"ಸಿರಿಲ್! ಏಳು!"

ಅವಳ ಜೊತೆ ರಾತ್ರಿ ಕಾವಲಿಗಿದ್ದ ಸಿರಿಲ್ ಕಂಬಳಿಯಿಂದ ತಲೆ ಹೊರಹಾಕಿದ. "ಕಳ್ಳರಾ?"

"ನನ್ನ ಹಲಗೆ ಮುಟ್ಟಿದ್ದು ಯಾರು?"

"ಅದಾ? ನೀನು ಚಿಪ್ಸ್ ತರೋಕೆ ಹೋಗಿದ್ಯಲ್ಲ, ಆಗ ಕ್ಲೈವು ಆ ಕಡೆ ತುದೀಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. ಇವಳ ಹಲಗೆ ಮೂಗು ಎತ್ಕೊಂಡಿದೆ, ನಮ್ಮ ಸಾಲಿಗೆ ಸೇರಲ್ಲ ಅಂದ. ತಗ್ಗಿಸಿದ."

"ನೀನು ನೋಡ್ತಾ ನಿಂತಿದ್ದೆ."

"ಸ್ಪ್ಯಾನರ್ ಕೊಟ್ಟೆ. ಅಧ್ಯಕ್ಷ ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ? ಮಲಕ್ಕೋ ಮಾರಾಯ್ತಿ, ಬೆಳಗಾದ್ರೆ ಪ್ರದರ್ಶನ."

ಎರಡು ನಿಮಿಷದಲ್ಲಿ ಗೊರಕೆ ಶುರುವಾಯಿತು. ಮ್ಯಾವಿಸ್ ಅಲ್ಲೇ ನಿಂತಿದ್ದಳು. ಇನ್ನೊಬ್ಬರ ಹಲಗೆಯನ್ನು ಕೇಳದೆ ಮುಟ್ಟಬಾರದು. ಮುಟ್ಟಿದವನು ಸಂಘದಿಂದ ಹೊರಗೆ. ಆ ನಿಯಮ ಮಾಡಿದ್ದೇ ಅಧ್ಯಕ್ಷ ಕ್ಲೈವ್ ಗ್ರೀವ್ಸ್. ಯಾರದೋ ಹಳಿಯ ಮೊಳೆ ಕಿತ್ತು ಬೇರೆ ಹೊಡೆದನೆಂದು ಟೆರೆನ್ಸನನ್ನು ಹೋದ ವರ್ಷ ಎಲ್ಲರೆದುರು ಹೊರಹಾಕಿದವನೂ ಅವನೇ. ಸಂಘದಲ್ಲಿ ಮ್ಯಾವಿಸ್ ಒಬ್ಬಳೇ ಹೆಂಗಸು. ಅವಳು ಮಾಡುವ ಚಹಾ ಎಲ್ಲರಿಗೂ ಇಷ್ಟ. ಅವಳ ಕೈಗೆ ಗರಗಸ ಬರಲು ಆರು ವರ್ಷ ಬೇಕಾಯಿತು, ಅದೂ "ಒಂದು ಸಲ ನೋಡೋಣ, ಪ್ರದರ್ಶನದಲ್ಲಿ ಸರಿಯಾಗಿ ಓಡದಿದ್ರೆ ಮುಂದಿನ ಸಲ ಬೇರೆಯವರು ಮಾಡ್ತಾರೆ" ಎಂಬ ಮಾತಿನ ಮೇಲೆ.

ತನ್ನ ರಸಮಟ್ಟ ತಂದು, ತನ್ನ ಎರಡು ಹಲಗೆಗಳಿಗೆ ಕೂಡಿಸಿದ್ದ ಕ್ಲೈವನ ಆರು ಹಲಗೆಗಳ ಮೇಲಿಟ್ಟಳು. ಆರೂ ಹಲಗೆಗಳಲ್ಲಿ ಗುಳ್ಳೆ ಒಂದೇ ಕಡೆಗೆ ಓಡಿತು. ತಿರುಗಿಸಿ ಇಟ್ಟಳು, ಅದೇ ಕಡೆ.

ಹಾಗಾದರೆ ವಿಷಯ ಇದು! ಸಂಘದ ಕೋಣೆ ಮೊದಲು ಹಾಲಿನ ಡೈರಿಯಾಗಿತ್ತು. ತೊಳೆದ ನೀರು ಹರಿದು ಹೋಗಲೆಂದು ನೆಲವನ್ನು ಬಾಗಿಲಿನಿಂದ ಚರಂಡಿಯ ಕಡೆಗೆ ಇಳಿಜಾರಾಗಿ ಹಾಕಿದ್ದರು. ಕ್ಲೈವ್ ತನ್ನ ಹಲಗೆಗಳ ಕಾಲುಗಳನ್ನು ಆ ನೆಲಕ್ಕೆ ಒಪ್ಪುವಂತೆ ಒಂದೊಂದನ್ನು ಒಂದೊಂದು ಉದ್ದಕ್ಕೆ ಕತ್ತರಿಸಿದ್ದ. ಬೋಲ್ಟು ಗೀಲ್ಟು ಯಾಕೆ, ಅಳೆದು ಕತ್ತರಿಸೋಕೆ ಬಾರದವರಿಗೆ ಬೋಲ್ಟು, ಎಂದು ಅವಳನ್ನು ಆಡಿಕೊಂಡಿದ್ದ. ಹೊಸ ರೈಲುದಾರಿ ಆ ಕೋಣೆ ಬಿಟ್ಟು ಹೊರಗೆ ಬಂದದ್ದು ಇದೇ ಮೊದಲು. ಈ ಸಭಾಭವನದಲ್ಲಿ ನೆಲ ಸಮ. ಅವನ ಆರು ಹಲಗೆಗಳು ಸಾಲಾಗಿ ವಾಲಿದ್ದವು, ಆ ಇಳಿಜಾರಿಗೆ ಸರಿಹೋಗಲೆಂದು ಅವಳ ಎರಡನ್ನೂ ಅವನು ವಾಲಿಸಿದ್ದ.

ಸಿರಿಲನನ್ನು ಮತ್ತೆ ಎಬ್ಬಿಸಬಹುದಿತ್ತು. ಬೆಳಗ್ಗೆ ಎಲ್ಲರೆದುರು ರಸಮಟ್ಟ ಇಟ್ಟು ತೋರಿಸಬಹುದಿತ್ತು. ಆದರೆ ಕ್ಲೈವ್ ಏನೆನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. "ಆರು ಒಂದು ಕಡೆ, ಎರಡು ಒಂದು ಕಡೆ. ಯಾವುದು ಸೊಟ್ಟ ಅಂತ ನೀನೇ ಹೇಳಮ್ಮ." ಎಲ್ಲರೂ ನಗುತ್ತಾರೆ. ಜನ ಬರುವ ಹೊತ್ತಿಗೆ ಡಬ್ಬಿಗಳು ಒಂದರ ಹಿಂದೊಂದು ಜಾರಿ ಬಂದು ಅವಳ ನಿಲ್ದಾಣದಲ್ಲಿ ರಾಶಿ ಬೀಳುತ್ತವೆ. ನಿಲ್ದಾಣ ಯಾರದು? ಮ್ಯಾವಿಸಳದು.

ಅವಳು ಚೀಲದಿಂದ ಪ್ಲೈವುಡ್ ಚೂರುಗಳನ್ನು ಸುರಿದಳು. ಹಲಗೆ ಹಲಗೆ ಕೂಡಿಸಿದ್ದ ನಟ್ಟುಗಳನ್ನು ಸಡಿಲಿಸಿದಳು. ಕರಿಬಟ್ಟೆಯೊಳಗೆ ತೂರಿ, ಅವನ ಒಂದೊಂದು ಹಲಗೆಯನ್ನೂ ಬೆನ್ನು ಕೊಟ್ಟು ಎತ್ತಿ, ಕಾಲಿನ ಕೆಳಗೆ ಚೂರು ಒದ್ದು ಸೇರಿಸಿದಳು. ಎತ್ತಿದಾಗಲೆಲ್ಲ ಬಾಯಲ್ಲಿ ಒಂದು ಬೈಗುಳ. ಅಧ್ಯಕ್ಷನಂತೆ. ಒಂದು ಕಣ್ಣು ಮುಚ್ಚಿ ನೋಡುತ್ತಾನಂತೆ. ಇನ್ನೊಂದನ್ನೂ ಮುಚ್ಚಿಕೊಂಡಿದ್ದರೆ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ. ಮೂರನೆಯ ಹಲಗೆ ಕೈಜಾರಿ ಧಡಕ್ಕನೆ ಕೂತಿತು. ಸಿರಿಲನ ಗೊರಕೆ ನಿಂತು, ಮತ್ತೆ ಹಿಡಿಯಿತು. ಕೊನೆಗೆ ತನ್ನ ಬೋಲ್ಟುಗಳನ್ನು ಬಿಚ್ಚಿ ಎತ್ತರ ಕೂಡಿಸಿ, ನಟ್ಟುಗಳನ್ನು ಬಿಗಿದಳು. ಕಿಟಕಿ ಬೆಳ್ಳಗಾಗುವಾಗ ಡಬ್ಬಿಯನ್ನು ಎಲ್ಲಿಟ್ಟರೆ ಅಲ್ಲೇ ನಿಲ್ಲುತ್ತಿತ್ತು.

ಕ್ಲೈವ್ ಬೇಕನ್ ಬನ್ನುಗಳ ಪೊಟ್ಟಣ ಹಿಡಿದು ಬಂದ. ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಸಾಲು ನೋಡಿದ. ಬೋಗಿಯೊಂದನ್ನು ಹಳಿಯ ಮೇಲಿಟ್ಟ. ಅದು ಕದಲಲಿಲ್ಲ. ಮತ್ತೆ ಕೈಗೆತ್ತಿಕೊಂಡ.

"ನೋಡಿದ್ಯೇನಮ್ಮ? ನಿನ್ನೆ ನಾನೊಂದು ಕೈ ಹಾಕಿದ್ದಕ್ಕೆ ಇವತ್ತು ನಿನ್ನ ಹಲಗೆ ನೆಟ್ಟಗಾಯ್ತು."

"ನನ್ನನ್ನ ಕೇಳದೆ ಮುಟ್ಟಿದ್ರಿ."

"ಅಯ್ಯೋ, ಅಧ್ಯಕ್ಷ ಮುಟ್ಟಿದ್ರೆ ಅದು ಮುಟ್ಟಿದ ಲೆಕ್ಕ ಅಲ್ಲ. ಕಲಿಸಿಕೊಟ್ಟ ಹಾಗೆ. ನೀನು ಮಾಡಿದ್ದೂ ಪರವಾಗಿಲ್ಲ ಬಿಡು, ಮುಂದಿನ ಸಲಾನೂ ನೀನೇ ಮಾಡು. ಈಗ ಒಂದು ಕಪ್ ಚಹಾ ಆಗಲಿ."

ಸುತ್ತಲಿದ್ದವರು ನಕ್ಕರು. ಅವಳ ಕೈ ಕರಿಬಟ್ಟೆಯ ಅಂಚನ್ನು ಹಿಡಿದಿತ್ತು. ಎತ್ತಿದರೆ ಸಾಕು, ಅವನ ಒಂದೊಂದು ಕಾಲಿನಡಿಯೂ ಅವಳ ಚೂರುಗಳು. ಅವನ ಮುಖ ಹೇಗಾಗುತ್ತದೆಂದು ನೋಡುವ ಆಸೆಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ. ಅವನು ಮುಟ್ಟಿದ್ದು ಎರಡು ಹಲಗೆ; ಅವಳು ಮುಟ್ಟಿದ್ದು ಆರು. ಅವನು ಅಧ್ಯಕ್ಷ, ಅವಳಿಗೆ ಟೆರೆನ್ಸನ ಗತಿ. ಜನ ಬರುವ ಮೊದಲೇ ಚೂರುಗಳು ಕಸದ ಬುಟ್ಟಿಗೆ, ಅವಳು ಬಾಗಿಲಾಚೆಗೆ, ರೈಲು ಮತ್ತೆ ಜಾರುಬಂಡೆಗೆ.

"ರಾತ್ರಿ ಏನೋ ಧಡಧಡ ಅಂತಿತ್ತಲ್ಲ?" ಸಿರಿಲ್ ಅವಳ ತೋಳಿಗೆ ಹತ್ತಿದ್ದ ಧೂಳನ್ನೇ ನೋಡುತ್ತ ಕೇಳಿದ.

"ನಿನ್ನ ಗೊರಕೆ," ಎಂದಳು ಮ್ಯಾವಿಸ್, ಬಟ್ಟೆ ಬಿಟ್ಟು.

ಯಾರಿಗೂ ಹೇಳುವುದಿಲ್ಲ. ಸಿರಿಲನಿಗಿಲ್ಲ, ಮನೆಗೆ ಹೋಗಿ ಅಕ್ಕನಿಗೂ ಇಲ್ಲ. ಮುಂದಿನ ಸಲ ಎಂಟು ಹಲಗೆಗೂ ಕಾಲು ತಾನೇ ಮಾಡುವುದು. ಹಲ್ಲು ಕಚ್ಚಿಕೊಂಡೇ ಹಾಗೆ ತೀರ್ಮಾನಿಸಿ, ಅವಳು ಕ್ಲೈವನ ಕೈಯಿಂದ ಬೋಗಿ ಕಸಿದುಕೊಂಡು ತನ್ನ ನಿಲ್ದಾಣದಲ್ಲಿಟ್ಟಳು. "ಚಹಾ ಬೇಕಾದವರು ಅವರವರೇ ಮಾಡ್ಕೊಳ್ಳಿ."