ಮೋಟು ತೋಳಿನ ಸ್ವೆಟರು

ಕದ ಮುಚ್ಚುವ ಮೊದಲು ಕಂಡದ್ದು ಅಷ್ಟೇ, ತೋಳು ಮುಗಿದ ಮೇಲೂ ಉಳಿದಿದ್ದ ಆ ಮಣಿಕಟ್ಟು, ನಾಲ್ಕು ಬೆರಳಗಲ ಬರಿ ಚರ್ಮ — ಗುಬ್ಬಿಯ ಸ್ವೆಟರು ಜಿರಾಫೆಗೆ ಹೇಗೆ ಹಿಡಿಸೀತು, ತರಗತಿಯವರು ಇಬ್ಬರಿಗೂ ಸುಮ್ಮನೆ ಹೆಸರಿಟ್ಟಿಲ್ಲ, ಜಿರಾಫೆಯನ್ನು ಒಳಗೆ ಕರೆದಿದ್ದಾರೆ, ಇತ್ತ ಹೆಡ್‌ಮಿಸ್ಸಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಗುಬ್ಬಿ ಸ್ವೆಟರಿಲ್ಲದೆ ನಡುಗುತ್ತಿದ್ದಾಳೆ, ಒಗೆಯೋಕೆ ಹಾಕಿದೀನಮ್ಮ ಎಂದು ಬೆಳಿಗ್ಗೆ ಹಸಿ ಸುಳ್ಳು ಹೇಳಿ ಬಂದವಳು, ನೀನಾ, ಒಗೆಯೋಕಾ, ಎಂದು ಅಮ್ಮ ನಕ್ಕಿದ್ದಳು. ಅದಲುಬದಲು ಮಾಡ್ಕೊಳ್ಳೋಣ ಎಂದದ್ದು ಜಿರಾಫೆಯೇ, ಲೈಬ್ರರಿಯ ಕಪಾಟಿನ ಹಿಂದೆ, ನಿನ್ ವಾಸನೆ ನಮ್ಮನೆಗೂ ಬರ್ಲಿ, ಆಗ ಎದೆಯೊಳಗೆ ಆದದ್ದಕ್ಕೆ ಸ್ನೇಹ ಎಂಬ ಮಾತು ಸಾಲದು, ಪ್ರೀತಿಯೇ ಅದು, ಗೊತ್ತಾದರೆ ಇಬ್ಬರನ್ನೂ ಬೇರೆ ಬೇರೆ ಶಾಲೆಗೆ ಹಾಕುತ್ತಾರೆ, ಅದಕ್ಕೇ ಬಾಯಿಗೆ ಬೀಗ — ನಿನ್ನೆ ಊಟದ ಬಿಡುವಿನಲ್ಲಿ ತಾರಸಿಯ ಟ್ಯಾಂಕಿನ ಹಿಂದೆ ಕಾದದ್ದು ಅವಳಿಗಾಗಿ, ಬಿಸಿಲು ಚುರುಗುಟ್ಟಿ ಸ್ವೆಟರು ಕಳಚಿ ಪೈಪಿಗೆ ನೇತುಹಾಕಿದ್ದಳು, ಬಂದದ್ದು ಜಿರಾಫೆಯಲ್ಲ, ವಾಚ್‌ಮನ್ನು ಮತ್ತು ಆಟದ ಮೇಷ್ಟ್ರು, ಶಾಲೆ ಸಾಮಾನೆಲ್ಲ ಎಲ್ಲಿಗ್ ಹೋಗ್ತಿದೆ ಅಂತ ದೊಡ್ಡ ಮೇಡಂಗೆ ಹೇಳ್ತೀನಿ ಸಾರ್, ಹೇಳು ನೋಡೋಣ, ಮೇಷ್ಟ್ರ ಎರಡೂ ಕೈ ವಾಚ್‌ಮನ್ನಿನ ಎದೆಯ ಮೇಲೆ, ಆಮೇಲೆ ಮೆಟ್ಟಿಲುಗಳುದ್ದಕ್ಕೂ ಆ ಸದ್ದು, ಅಯ್ಯೋ ಯಾರಾದ್ರೂ ಬನ್ನಿ ಎಂದು ಕೂಗುತ್ತ ಇಳಿದವರೂ ಮೇಷ್ಟ್ರೇ. ಜನ ಸೇರಿದ ಗಲಾಟೆಯಲ್ಲಿ ಗುಬ್ಬಿ ನುಸುಳಿ ಹೋದಳು, ಸ್ವೆಟರು ಪೈಪಿನ ಮೇಲೆಯೇ ಉಳಿಯಿತು, ಅದರ ಕತ್ತುಪಟ್ಟಿಯೊಳಗೆ ಅಜ್ಜಿ ಕೆಂಪು ದಾರದಲ್ಲಿ ಹೊಲಿದುಕೊಟ್ಟ ಹೆಸರು ಜಿರಾಫೆಯದು. ಆಸ್ಪತ್ರೆಯಲ್ಲಿ ವಾಚ್‌ಮನ್ನು ಇನ್ನೂ ಕಣ್ಣು ಬಿಟ್ಟಿಲ್ಲ.

ಒಳಗೆ ಹೆಡ್‌ಮಿಸ್ಸಿನ ದನಿ, ನೀವೆಲ್ಲ ಮೇಲೆ ಓಡಾಡಿ ಅವ್ನನ್ನ ತಳ್ಳಿಬಿಟ್ರಾ, ಸ್ವೆಟರ್ ನಿಂದೇ ತಾನೆ, ನಂದೇ ಮೇಡಂ, ಒಬ್ಳೇ ಇದ್ದೆ, ಅದು ಜಿರಾಫೆ, ಅಯ್ಯೋ ಪೆದ್ದೀ ಯಾಕೆ ಹೇಳ್ತೀಯ ಎಂದು ಗುಬ್ಬಿ ಮನಸ್ಸಿನಲ್ಲೇ ಕೂಗಿದಳು, ನೀನು ಬರಲೇ ಇಲ್ಲವಲ್ಲ, ಗಣಿತದ ಟೀಚರು ನಿನ್ನನ್ನು ಹಿಡಿದು ಕೂರಿಸಿಕೊಂಡಿದ್ದರಲ್ಲ, ಹೆಡ್‌ಮಿಸ್ಸಿಗೆ ಇದು ಮಕ್ಕಳ ಕಿಡಿಗೇಡಿತನ, ಆದರೆ ಒಳಗೇ ನಿಂತಿರುವ ಮೇಷ್ಟ್ರಿಗೆ ಆ ಸ್ವೆಟರು ಎಂದರೆ ಯಾರೋ ನೋಡಿದ್ದಾರೆ ಎಂದೇ ಅರ್ಥ — ಮೇಷ್ಟ್ರ ದನಿ ಬೆಣ್ಣೆಯ ಹಾಗಿದೆ, ನಾನೇ ತಾರಸಿಗೆ ಕರ್ಕೊಂಡ್ ಹೋಗ್ತೀನಿ ಮೇಡಂ, ಜಾಗ ನೋಡಿದ್ರೆ ಮಕ್ಳು ತಾವಾಗೇ ಬಾಯ್ ಬಿಡ್ತಾರೆ, ಸರಿ ಹೋಗ್ಬನ್ನಿ, ಕದ ತೆರೆಯಿತು, ಮೊದಲು ಬಂದದ್ದು ಮೇಷ್ಟ್ರ ಮುಷ್ಟಿ, ಮುಷ್ಟಿಯೊಳಗೆ ಆ ಮಣಿಕಟ್ಟು, ಜಿರಾಫೆ ಕಣ್ಣಲ್ಲೇ ಬೇಡ ಎನ್ನುತ್ತಿದ್ದಾಳೆ, ಸುಮ್ನಿರು, ಬೇಡ, ಆದರೆ ಗುಬ್ಬಿ ಎದ್ದುಬಿಟ್ಟಿದ್ದಾಳೆ, ಮೇಡಂ, ನಿನ್ನೆ ಆ ಸ್ವೆಟರ್ ಹಾಕ್ಕೊಂಡಿದ್ದು ನಾನು, ನಾವಿಬ್ರೂ ಬದಲಾಯಿಸ್ಕೊಂಡಿದ್ವಿ, ಬದಲಾಯಿಸ್ಕೊಂಡ್ರಾ, ಯಾಕಮ್ಮ, ಯಾಕಂದ್ರೆ — ನಾಲಿಗೆ ಹೊರಳದು, ಹೊರಳಲೇಬೇಕು — ಯಾಕಂದ್ರೆ ಅವಳಂದ್ರೆ ನಂಗೆ ಪ್ರೀತಿ ಮೇಡಂ, ಸಾರ್ ಅವಳನ್ನ ಬಿಡಿ, ನೋಡಿದ್ದು ನಾನು. ಮೇಷ್ಟ್ರು ತನ್ನನ್ನೇ ನೋಡುತ್ತಿರುವುದು ಗೊತ್ತು, ಗುಬ್ಬಿ ತಲೆ ಎತ್ತಲಿಲ್ಲ, ಮೇಷ್ಟ್ರ ಮುಷ್ಟಿಯ ಒಂದೊಂದೇ ಬೆರಳು ಸಡಿಲುತ್ತಿದೆ, ಆ ಮಣಿಕಟ್ಟು, ಅದರ ಮೇಲೆ ಕೆಂಪಗೆ ಮೂಡುತ್ತಿರುವ ಬೆರಳ ಗುರುತು, ಆ ಮಣಿಕಟ್ಟು —