ಜೋಡಿ ಡಿಸ್ಕು

ಗಂಡ ಕ್ಯಾಮೆರಾದವನು, ಹೆಂಡತಿ ಎಡಿಟಿಂಗಿನವಳು. ನದಿಯ ಹಳೆಯ ಸೇತುವೆಯನ್ನು ಸಿಡಿಮದ್ದಿಟ್ಟು ಕೆಡವಿದ್ದನ್ನು ಅವನು ಐದು ಕಡೆಯಿಂದ ಸೆರೆಹಿಡಿದು ತಂದಿದ್ದ. ಸಾಕ್ಷ್ಯಚಿತ್ರದ ಜೀವವೇ ಆ ದೃಶ್ಯ. ಬಿದ್ದ ಸೇತುವೆ ಇನ್ನೊಮ್ಮೆ ಬೀಳುವುದಿಲ್ಲ.

ಹಳೆಯ ಡಿಸ್ಕಿನಲ್ಲಿ ಅಷ್ಟು ಭಾರದ ದೃಶ್ಯಗಳು ಉಬ್ಬಸದವರ ಮಾತಿನಂತೆ ನಿಂತು ನಿಂತು ಬರುತ್ತಿದ್ದವು. ಕಂಪ್ಯೂಟರ್ ರಿಪೇರಿ ಮಾಡುವ ತಮ್ಮ ಗುಂಡನನ್ನು ಅವಳು ಕರೆಸಿದಳು. ಅವನು ಹೊಸ ಪೆಟ್ಟಿಗೆಯೊಂದನ್ನೂ ಎರಡು ಡಿಸ್ಕುಗಳನ್ನೂ ಮೇಜಿನ ಮೇಲಿಟ್ಟ.

“ಅಕ್ಕ, ಕೆಲಸ ಎರಡಕ್ಕೂ ಹಂಚಿದ್ರೆ ಓಟ ಜೋರು. ಆದ್ರೆ ಒಂದು ಮಲಗಿದ್ರೆ ಎಲ್ಲಾ ಹೋಯ್ತು. ಒಂದರಲ್ಲಿರೋದನ್ನೇ ಇನ್ನೊಂದರಲ್ಲೂ ಬರೆದ್ರೆ ಭದ್ರ, ಓಟ ಕಮ್ಮಿ.”

“ಎರಡೂ ಬೇಕು ಅಂದ್ರೆ?”

“ನಾಲ್ಕು ಡಿಸ್ಕು ಬೇಕು. ಈ ಪೆಟ್ಟಿಗೇಲಿರೋದು ಎರಡೇ ಗೂಡು.”

ಅಷ್ಟರಲ್ಲಿ ನಿರ್ದೇಶಕರ ಫೋನು ಬಂತು. ಅದನ್ನು ಕಿವಿಗಿಟ್ಟುಕೊಂಡೇ ಅವಳು, “ಜೋಡಿ ಮಾಡಿಬಿಡೋ” ಎಂದಳು.

ಅಂದಿನಿಂದ ಪರದೆಯ ಮೇಲೆ ಸೇತುವೆ ನೀರು ಹರಿದಷ್ಟು ಸಲೀಸಾಗಿ ಬೀಳತೊಡಗಿತು. ಇಷ್ಟು ವೇಗ ಎಲ್ಲಿಂದ ಬಂತೆಂದು ಅವಳು ಕೇಳಿಕೊಳ್ಳಲಿಲ್ಲ. ಸಲೀಸಾಗಿರುವಾಗ ಯಾರು ಕೇಳುತ್ತಾರೆ?

“ಜೋಡಿ ತಾನೆ?” ಎಂದ ಗಂಡ.

“ಜೋಡೀನೇ ರೀ.”

ಅವನು ನಿಶ್ಚಿಂತೆಯಿಂದ ಹಳೆಯ ಡಿಸ್ಕನ್ನೂ ಕ್ಯಾಮೆರಾದ ಕಾರ್ಡುಗಳನ್ನೂ ಅಳಿಸಿ ಮುಂದಿನ ಕೆಲಸಕ್ಕೆ ಒಯ್ದ.

ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗೆ ಟಕ್ ಟಕ್ ಸದ್ದಾಗಿ ಪರದೆ ಕಪ್ಪಾಯಿತು. ಅವಳು ಹೆದರಲಿಲ್ಲ. ಗುಂಡ ಬಂದಾಗ, “ಒಂದು ಕೆಟ್ಟಿದೆ, ಬದಲಾಯಿಸು” ಎಂದಳು.

ಗುಂಡ ಬಾಗಿ ಕಿವಿಗೊಟ್ಟು ಕೇಳಿದ. ಎದ್ದು ಪೆಟ್ಟಿಗೆಯ ವಿದ್ಯುತ್ ತಂತಿ ಕಿತ್ತ. “ಅಕ್ಕ, ನೀನು ಜೋಡಿ ಮಾಡು ಅಂದೆ.”

“ಹೌದು. ಅದಕ್ಕೇ ಇನ್ನೊಂದರಲ್ಲಿ ಇದೆಯಲ್ಲ.”

“ಅರ್ಧ ಇದೆ. ಒಂದು ಚೂರು ಅದರಲ್ಲಿ, ಒಂದು ಚೂರು ಇದರಲ್ಲಿ. ಜೋಡೆತ್ತಿನ ಹಾಗೆ ಕಟ್ಟಿದ್ದೆ.”

“ನಾನು ಹೇಳಿದ್ದು ಜೋಡಿ ಪ್ರತಿ ಕಣೋ.”

“ನಾನೂ ಹಾಗೇ ತಿಳಿದಿದ್ದೆ” ಎಂದ ಬಾಗಿಲಲ್ಲಿ ನಿಂತಿದ್ದ ಗಂಡ, ಮೆಲ್ಲಗೆ.

“ನೀವಿಬ್ರೂ ಒಂದೇ ತಿಳಿದ್ರಿ ಭಾವ. ಕಟ್ಟಿದೋನು ನಾನಾಗಿಬಿಟ್ಟೆ.”

ಬೈಯಲು ಅವಳು ಬಾಯಿ ತೆರೆದಳು, ಆದರೆ ಯಾರನ್ನೆಂದು ತಿಳಿಯಲಿಲ್ಲ. ಕೆಟ್ಟ ಡಿಸ್ಕಿನ ಒಳಗಿನ ತಟ್ಟೆಗಳೇ ಗೀರಿಹೋಗಿವೆ, ಏನೂ ಉಳಿದಿಲ್ಲ ಎಂದು ದತ್ತಾಂಶ ಹೊರತೆಗೆಯುವವರು ವಾರ ಕಳೆದು ಹೇಳಿದರು. ಇನ್ನೊಂದು ಕಲ್ಲುಗುಂಡಿನಂತೆ ಗಟ್ಟಿಯಾಗಿತ್ತು. ವಿದ್ಯುತ್ ಕೊಟ್ಟರೆ ಹಿತವಾಗಿ ಗುನುಗುತ್ತಿತ್ತು. ಅದರಲ್ಲಿದ್ದ ಚೂರುಗಳಿಂದ ಒಂದು ಕಲ್ಲು ಬೀಳುವುದನ್ನೂ ಕಾಣುವಂತಿರಲಿಲ್ಲ.

ಆ ಸುದ್ದಿ ಬಂದ ದಿನ ಮಧ್ಯಾಹ್ನ, ಮೂವರೂ ಅಲ್ಲೇ ಇದ್ದಾಗ, ನಿರ್ದೇಶಕರು ಮತ್ತೆ ಫೋನು ಮಾಡಿದರು. ಅವಳು ಅದನ್ನು ಗಂಡನ ಕೈಗಿತ್ತಳು.

“ಬೀಳೋದು ಚೆನ್ನಾಗಿ ಬಂದಿದೆಯಾ?” ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಗಂಡ ಅವಳನ್ನು ನೋಡಿದ, ಗುಂಡನನ್ನು ನೋಡಿದ.

“ಬಂದಿತ್ತು ಸರ್” ಎಂದ.